ಇಂದಿನ ಧಮ್ಮ ಚಿಂತನೆ: ಕಟ್ಟಿಸಿದವರು ಮತ್ತು ಕಟ್ಟಿದವರು



ಮಕ್ಕಳಿಗೆ ವ್ಯಾಕರಣ ಹೇಳುವಾಗ ‘ಕಟ್ಟು’ ಎಂಬ ಧಾತುವಿಗೆ ‘ಇಸು’ ಸೇರಿಸಿ ‘ಕಟ್ಟಿಸು’ ಮಾಡಿ ತೋರಿಸುತ್ತೇನೆ. ಕಟ್ಟಿದವನು ಕೈ ಮಣ್ಣು ಮಾಡಿಕೊಂಡವನು. ಕಟ್ಟಿಸಿದವನು ಹಣ ಕೊಟ್ಟವನು, ಅಪ್ಪಣೆ ಮಾಡಿದವನು. ಕಲ್ಲಿನ ಮೇಲೆ ಹೆಚ್ಚಾಗಿ ಉಳಿಯುವುದು ಕಟ್ಟಿಸಿದವನ ಹೆಸರು. ಇಷ್ಟು ವರ್ಷ ಪಾಠ ಮಾಡಿದರೂ ಈ ‘ಇಸು’ವಿನ ಭಾರ ನನಗೆ ಪೂರ್ತಿ ಅರ್ಥವಾದದ್ದು ಜಪಾನಿನ ಕ್ಯೋಟೊ ನಗರದಲ್ಲಿ. ಅದನ್ನು ಇಂದು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

*ಮೊದಲ ದಿನ: ತೋಟಗಳು*

2019ರ ದಸರೆ ರಜೆ. ತಮ್ಮ ಆಗ ಒಸಾಕದಲ್ಲಿ ಕೆಲಸದಲ್ಲಿದ್ದ. ಅಲ್ಲಿಂದ ಕ್ಯೋಟೊಗೆ ರೈಲಿನಲ್ಲಿ ಅರ್ಧ ಗಂಟೆ. 794ರಿಂದ ಸಾವಿರ ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿದ್ದ ಊರು ಅದು. ಎತ್ತ ತಿರುಗಿದರೂ ವಿಹಾರ, ಎಲ್ಲೆಲ್ಲೂ ಬುದ್ಧ. ಬುದ್ಧ ಹುಟ್ಟಿ ಬೆಳೆದ ನೆಲದ ಪಕ್ಕದಲ್ಲೇ ಇದ್ದೂ ಅವನನ್ನು ಮತ್ತೆ ಹುಡುಕಿಕೊಳ್ಳಬೇಕಾಗಿ ಬಂದ ನಮಗೆ ಅದನ್ನು ನೋಡಿದರೆ ಕಣ್ಣು ತುಂಬಿ ಬರುತ್ತದೆ. “ಇಂಥ ಊರಲ್ಲಿ ಜಾತಿ ಇರೋಕೆ ಸಾಧ್ಯವೇ ಇಲ್ಲ ಕಣೋ” ಎಂದು ತಮ್ಮನಿಗೆ ಹೇಳಿದೆ.

ಅಲ್ಲಿ ಸ್ವಯಂಸೇವಕ ಗೈಡ್‌ಗಳು ಸಿಗುತ್ತಾರೆ. ಸಂಬಳ ಕೇಳುವುದಿಲ್ಲ. ಅವರ ಬಸ್ ಚಾರ್ಜು, ಟಿಕೆಟ್ಟು, ಮಧ್ಯಾಹ್ನದ ಊಟ ನೋಡಿಕೊಂಡರಾಯಿತು. ನಮಗೆ ಸಿಕ್ಕವರು ಎಪ್ಪತ್ತರ ಆಸುಪಾಸಿನ ನಿವೃತ್ತ ಶಿಕ್ಷಕಿ. ನಾನೂ ಮೇಷ್ಟ್ರು ಎಂದು ತಿಳಿದ ಮೇಲೆ ಅವರಿಗೆ ಇನ್ನಷ್ಟು ಉತ್ಸಾಹ ಬಂತು.

ಮೊದಲು ಗಿಂಕಾಕುಜಿಗೆ ಕರೆದೊಯ್ದರು. ಬೆಟ್ಟದ ಬುಡದಲ್ಲಿ ಕೊಳ, ಪಾಚಿ, ಮರಳಿನ ದಿಬ್ಬ. ಜಪಾನನ್ನು ಆಳಿದ ಅಶಿಕಾಗ ಯೊಶಿಮಸ 1482ರಲ್ಲಿ ತನ್ನ ವಾಸಕ್ಕೆಂದು ಇದನ್ನು ಕಟ್ಟಿಸಲು ಶುರುಮಾಡಿದ. ಅವನು ತೀರಿಕೊಂಡ ಮೇಲೆ ಇದು ಝೆನ್ ವಿಹಾರವಾಯಿತು.

“ಇದು ಕಟ್ಟಿಸಿದವರ ಕಥೆ. ಕಟ್ಟಿದವರು ಯಾರು?” ಎಂದು ಕೇಳಿದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದನಿ ತಗ್ಗಿಸಿ ‘ಕವಾರಮೊನೊ’ ಎಂದರು. ಹೊಳೆದಂಡೆಯವರು ಎಂದು ಅರ್ಥ. ಕಾಮೊ ನದಿಯ ದಂಡೆಯಲ್ಲಿ ಬದುಕುತ್ತಿದ್ದ ಜನ. ಸತ್ತ ದನ ಸಾಗಿಸುವುದು, ತೊಗಲು ಹದ ಮಾಡುವುದು ಅವರ ಕೆಲಸ. ಅದಕ್ಕೇ ಅವರನ್ನು ಮೈಲಿಗೆ ಎಂದು ದೂರವಿಟ್ಟಿದ್ದರು. ಬಾವಿ ತೋಡುವುದು, ಕಲ್ಲು ನಿಲ್ಲಿಸುವುದು, ಮರ ನೆಡುವುದರಲ್ಲಿ ಅವರಷ್ಟು ನುರಿತವರು ಬೇರೆ ಇರಲಿಲ್ಲ. ಅವರಲ್ಲಿ ಝೆನಾಮಿ ಎಂಬಾತ ಆ ಕಾಲದ ದೊಡ್ಡ ತೋಟಗಾರ. ಅವನ ಮಗ, ಮೊಮ್ಮಗ ಯೊಶಿಮಸನ ತೋಟದಲ್ಲಿ ದುಡಿದರು.

ನನ್ನ ತಾತ ಹದ ಮಾಡಿದ ತೊಗಲಿನ ವಾಸನೆ ಅಷ್ಟು ದೂರದಲ್ಲಿ ಮೂಗಿಗೆ ಬಂದ ಹಾಗಾಯಿತು.

ಆ ಮೊಮ್ಮಗ ಮತಶಿರೊ ಹೇಳಿದ ಮಾತೊಂದು 1489ರಲ್ಲಿ ಝೆನ್ ಭಿಕ್ಷುವೊಬ್ಬರು ಬರೆದ ದಿನಚರಿಯಲ್ಲಿ ಉಳಿದಿದೆ. ಪ್ರಾಣಿ ಕೊಲ್ಲುವವರ ಮನೆಯಲ್ಲಿ ಹುಟ್ಟಿದ್ದಕ್ಕೆ ಅವನಿಗೆ ದುಃಖವಿತ್ತಂತೆ. ಅದಕ್ಕಾಗಿ ಜೀವ ತೆಗೆಯುವುದಿಲ್ಲ, ಹಣಕ್ಕೆ ಆಸೆಪಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ್ದನಂತೆ.

ಅಲ್ಲಿಂದ ರ್‍ಯೋಆಂಜಿಗೆ ಹೋದೆವು. ಬಿಳಿ ಜಲ್ಲಿಯ ನಡುವೆ 15 ಕಲ್ಲುಗಳು. ಎಲ್ಲಿ ಕೂತರೂ ಒಂದಾದರೂ ಕಲ್ಲು ಮರೆಯಾಗುತ್ತದೆ. ಅಲ್ಲಿಯ ಒಂದು ಕಲ್ಲಿನ ಹಿಂಬದಿಯಲ್ಲಿ ಎರಡು ಹೆಸರು ಕೆತ್ತಿವೆ. ಅದರಲ್ಲೊಂದು ಕೊತಾರೊ. ಅವರು ಹೊಳೆದಂಡೆಯವರೇ ಇರಬೇಕು ಎಂದು ಬಲ್ಲವರು ಹೇಳುತ್ತಾರೆ. ನೋಡಲು ಬಂದವರಿಗೆ ಕಾಣುವುದು ಕಲ್ಲಿನ ಮುಖ ಮಾತ್ರ. ಕೆಲಸ ಮಾಡಿದವರ ಹೆಸರು ಬೆನ್ನಿಗಿದೆ.

*ಎರಡನೇ ದಿನ: ಸೂಜಿನ್*

ನನ್ನ ಪ್ರಶ್ನೆಗಳನ್ನು ಕೇಳಿದ ಆ ತಾಯಿ, ಮರುದಿನಕ್ಕೆ ತಮ್ಮ ಪರಿಚಯದ ಇನ್ನೊಬ್ಬರನ್ನು ಗೊತ್ತು ಮಾಡಿಕೊಟ್ಟರು. ಆತ ಸೂಜಿನ್ ಕೇರಿಯಲ್ಲೇ ಬೆಳೆದವರು. ಕ್ಯೋಟೊ ರೈಲ್ವೆ ಸ್ಟೇಷನ್ನಿನಿಂದ ಪೂರ್ವಕ್ಕೆ ನಡೆದು ಹೋಗುವಷ್ಟು ಹತ್ತಿರ. ಆದರೆ ಪ್ರವಾಸಿಗರು ಆ ಕಡೆ ತಿರುಗುವುದು ಕಡಿಮೆ.

1871ರಲ್ಲಿ ಸರ್ಕಾರ ಈ ಜನರ ಮೇಲಿನ ಹೀನ ಹೆಸರನ್ನು ರದ್ದು ಮಾಡಿತು. ಕಾಗದದ ಮೇಲೆ ಎಲ್ಲರೂ ಒಂದೇ ಆದರು. ಆದರೆ ಈ ಕೇರಿಯ ತೊಗಲು ವ್ಯಾಪಾರಿಗಳಿಗೆ ಬ್ಯಾಂಕುಗಳು ಸಾಲ ಕೊಡಲಿಲ್ಲ. 1899ರಲ್ಲಿ ಕೇರಿಯವರೇ ಸೇರಿ ಯಾನಗಿಹಾರ ಬ್ಯಾಂಕ್ ತೆರೆದರು. ಅದರ ಮರದ ಕಟ್ಟಡ ಈಗ ವಸ್ತುಸಂಗ್ರಹಾಲಯ. ಕಟ್ಟಿಸಿದವರೂ ಕೇರಿಯವರೇ ಆದ ಕಟ್ಟಡವನ್ನು ಆ ಊರಲ್ಲಿ ನಾನು ಮೊದಲು ನೋಡಿದ್ದು ಅಲ್ಲಿ.

1922ರ ಮಾರ್ಚ್ 3ರಂದು ಇದೇ ಕ್ಯೋಟೊದ ಒಕಾಜಾಕಿ ಸಭಾಂಗಣದಲ್ಲಿ ಈ ಜನ ‘ಸುಯಿಹೆಯ್‌ಶಾ’ ಎಂಬ ಸಂಘಟನೆ ಕಟ್ಟಿದರು. ನೀರು ನಿಂತರೆ ಹೇಗೆ ಮಟ್ಟಸವೋ ಹಾಗೆ ಎಲ್ಲರೂ ಸಮ ಎಂಬುದು ಆ ಹೆಸರಿನ ಭಾವ. ಯಾರ ಕನಿಕರವೂ ಬೇಡ, ನಮ್ಮ ಬಿಡುಗಡೆ ನಮ್ಮ ಕೈಯಿಂದಲೇ ಎಂದು ಸಾರಿದರು. ಇದಾದ ಐದು ವರ್ಷಕ್ಕೆ, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡ್‌ನ ಕೆರೆಗೆ ಇಳಿದರು. ಇಲ್ಲಿಯೂ ನೀರು, ಅಲ್ಲಿಯೂ ನೀರು!

“ಬೌದ್ಧ ವಿಹಾರಗಳು ನಿಮ್ಮ ಜೊತೆ ನಿಲ್ಲಲಿಲ್ಲವೇ?” ಎಂದು ಕೇಳಿದೆ. ಆತ ನಕ್ಕರು. ಜಪಾನಿನಲ್ಲಿ ಸತ್ತವರಿಗೆ ವಿಹಾರದವರು ಧಮ್ಮದ ಹೆಸರು ಇಡುತ್ತಾರೆ. ಇವರ ಹಿರಿಯರಿಗೆ ಇಟ್ಟ ಹೆಸರುಗಳಲ್ಲಿ ‘ಪಶು’, ‘ತೊಗಲು’, ‘ಹೀನ’ ಎಂಬ ಅರ್ಥದ ಅಕ್ಷರಗಳನ್ನು ಸೇರಿಸಿದ್ದುಂಟು. ಸಮಾಧಿಯ ಕಲ್ಲಿನ ಮೇಲೂ ಜಾತಿ! 1979ರಲ್ಲಿ ಅಮೆರಿಕದಲ್ಲಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ಸೋತೊ ಝೆನ್ ಪಂಥದ ಮುಖ್ಯಸ್ಥರೊಬ್ಬರು ಜಪಾನಿನಲ್ಲಿ ಇಂಥ ಭೇದವೇ ಇಲ್ಲ ಎಂದುಬಿಟ್ಟರು. ಜನ ಬಿಡಲಿಲ್ಲ. ಕೊನೆಗೆ ಪಂಥ ತಪ್ಪೊಪ್ಪಿಕೊಂಡು ಆ ಹೆಸರುಗಳನ್ನು ತಿದ್ದಲು ಹೊರಟಿತು.

ಸುಯಿಹೆಯ್‌ಶಾದವರು ಬುದ್ಧನನ್ನು ಬಿಡಲಿಲ್ಲ. ಅವರ ಮುಂದಾಳು ಸೈಕೊ ಮಂಕಿಚಿ ವಿಹಾರದ ಮನೆತನದಲ್ಲೇ ಹುಟ್ಟಿದವರು. ಕ್ಯೋಟೊದ ಎರಡು ದೊಡ್ಡ ಹೊಂಗಾಂಜಿ ವಿಹಾರಗಳಿಗೆ ಅವರು ಲೆಕ್ಕ ಕೇಳಿದರು. ಇಪ್ಪತ್ತು ವರ್ಷ ನಮ್ಮಿಂದ ಕಾಣಿಕೆ ಎತ್ತಬೇಡಿ ಎಂದರು.

*ಇದರಲ್ಲಿ ನಮಗೇನು ಪಾಠ?*

ಮತಶಿರೊನ ದುಃಖ ನನ್ನನ್ನು ಇನ್ನೂ ಬಿಟ್ಟಿಲ್ಲ. ಕೊಲ್ಲದಿರುವುದು, ಆಸೆ ಬಿಡುವುದು ಒಳ್ಳೆಯ ಶೀಲ. ಆದರೆ ಹುಟ್ಟಿಗಾಗಿ ದುಃಖಪಡಲು ಅವನಿಗೆ ಕಲಿಸಿದವರು ಯಾರು? ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದ ಪೀಠಿಕೆಯಲ್ಲೇ ಕರ್ಮ, ಪುನರ್ಜನ್ಮಗಳ ಪ್ರಶ್ನೆ ಎತ್ತಿದ್ದು ಸುಮ್ಮನೆ ಅಲ್ಲ. ಹಿಂದಿನ ಜನ್ಮದ ಫಲದಿಂದ ಈ ಕುಲದಲ್ಲಿ ಹುಟ್ಟಿದೆ ಎಂದು ಒಪ್ಪಿಕೊಂಡರೆ, ಬುದ್ಧನ ಮೂರ್ತಿ ಎಷ್ಟೇ ದೊಡ್ಡದಿದ್ದರೂ ಅದರ ನೆರಳಲ್ಲಿ ಜಾತಿ ನೆಮ್ಮದಿಯಾಗಿ ಬದುಕುತ್ತದೆ. ಕ್ಯೋಟೊದಲ್ಲಿ ಬದುಕಿತು. ನಾವು ಪಂಚಶೀಲ ತೆಗೆದುಕೊಳ್ಳುವುದು ಚೆನ್ನಾಗಿ ಬದುಕಲು, ಹುಟ್ಟಿನ ಕಳಂಕ ತೊಳೆಯಲು ಅಲ್ಲ. ತೊಳೆಯಲು ಅಲ್ಲಿ ಕಳಂಕವೇ ಇಲ್ಲ.

ಬೀಳ್ಕೊಡುವಾಗ ಸೂಜಿನ್‌ನ ಗೆಳೆಯರು ಕೇಳಿದರು: “ನಿಮ್ಮ ವಿಹಾರದಲ್ಲಿ ಎಲ್ಲರೂ ಸಮಾನರಾ?” “ಹೌದು” ಎಂದೆ, ತಡವಿಲ್ಲದೆ.

ಒಸಾಕದ ರೈಲಿನಲ್ಲಿ ಕೂತ ಮೇಲೆ ನೆನಪಾಯಿತು. ಅಕ್ಕನ ಮಗಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ನಮ್ಮ ಹಾಗೆಯೇ ದೀಕ್ಷೆ ತೆಗೆದುಕೊಂಡವನು. ಅದು ಗೊತ್ತಿದ್ದೂ “ಅವರು ಬಲಗೈನಾ, ಎಡಗೈನಾ?” ಎಂದು ಕೇಳಿದವನು ನಾನೇ. ಆ ಸಂಬಂಧ ಅಲ್ಲಿಗೇ ನಿಂತುಹೋಯಿತು. ಊರಿಗೆ ಬಂದವನೇ ಅಕ್ಕನ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅಕ್ಕ ಏನೂ ಅನ್ನಲಿಲ್ಲ. ಮಗಳು ಮಾತ್ರ, “ಮಾವ, ಇದನ್ನ ವಿಹಾರದಲ್ಲೂ ಎಲ್ಲರ ಮುಂದೆ ಹೇಳ್ತೀರಾ?” ಎಂದಳು. ಅದಕ್ಕೇ ಇಂದು ಬರೆದೆ.

*ಇಂದಿನ ಅಭ್ಯಾಸ*

1. ನಮ್ಮ ವಿಹಾರಕ್ಕೆ ಕಲ್ಲು ಹೊತ್ತವರ, ಗಾರೆ ಕಲಸಿದವರ ಹೆಸರು ನಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಹಿರಿಯರನ್ನು ಕೇಳಿ ಬರೆದಿಡೋಣ.
2. ‘ಯಾವ ಕಡೆಯವರು’ ಎಂಬ ಪ್ರಶ್ನೆ ಇಂದು ನಾಲಿಗೆಗೆ ಬಂದರೆ ಅಲ್ಲಿಯೇ ತಡೆಯೋಣ. ಬೇರೆಯವರು ಕೇಳಿದರೆ ಮೆಲ್ಲಗೆ ತಿದ್ದೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್ 🙏