ನಮ್ಮ ಕಾದಂಬರಿ ಮತ್ತು ಚಲಚ್ಚಿತ್ರಗಳಲ್ಲಿ ಕೀಳೆನಿಸಿಕೊಂಡವರ ಚಿತ್ರ

ಸಾಹಿತ್ಯವು ಜೀವನದ ಕನ್ನಡಿಯೆಂದು ಹೇಳುವುದು ವಾಡಿಕೆ. ಚಲಚ್ಚಿತ್ರಕ್ಕೂ ಈ ಮಾತನ್ನು ಅನ್ವಯಿಸುವುದುಂಟು. ಆದರೆ ಆ ಕನ್ನಡಿಯನ್ನು ಹಿಡಿದ ಕೈ ಯಾರದು, ಅದನ್ನು ಯಾವ ಕಡೆಗೆ ಓರೆಮಾಡಿ ಹಿಡಿದಿದೆ ಎಂದು ನಾವು ವಿಚಾರಿಸುವುದು ಕಡಮೆ. ಒಂದು ಜನವರ್ಗವನ್ನೆಲ್ಲ ಒಂದೇ ಅಚ್ಚಿನಲ್ಲಿ ಎರೆದು, ‘ಇವರು ಇಷ್ಟೇ’ ಎಂದು ತೋರಿಸುವ ಪಾತ್ರವನ್ನು ಈ ಲೇಖನದಲ್ಲಿ ನಾನು ಅಚ್ಚುಪಾತ್ರವೆಂದು ಕರೆಯುತ್ತೇನೆ. ಇಂಥ ಪಾತ್ರಗಳಿಂದ ಆಗುವ ಹಾನಿಯೇನು, ಅವುಗಳಿಂದ ಪಾರಾದ ಬರವಣಿಗೆ ನಮ್ಮಲ್ಲಿ ಉಂಟೆ ಎಂಬುದೇ ಇಲ್ಲಿಯ ವಿಚಾರ.

ಮೊದಲು ಹೊರನಾಡಿನ ಎರಡು ನಿದರ್ಶನಗಳನ್ನು ನೋಡೋಣ. 1915ರಲ್ಲಿ ಅಮೆರಿಕದ ಡಿ. ಡಬ್ಲ್ಯು. ಗ್ರಿಫಿತ್ ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಮೂಕಚಿತ್ರವನ್ನು ತೆಗೆದನು. ಬಿಳಿಯ ನಟರು ಮುಖಕ್ಕೆ ಕಪ್ಪು ಬಳಿದುಕೊಂಡು ನೀಗ್ರೋ ಜನರನ್ನು ದುರುಳರಂತೆ ಅಭಿನಯಿಸಿದರು. ಅವರನ್ನು ಹಿಂಸಿಸುವ ಕು ಕ್ಲಕ್ಸ್ ಕ್ಲಾನ್ ಎಂಬ ಕೂಟವೇ ಕಥೆಯ ವೀರನಾಯಿತು. ಅಡಗಿಹೋಗಿದ್ದ ಆ ಕೂಟವು ಅದೇ ವರ್ಷ ಮತ್ತೆ ತಲೆಯೆತ್ತಿತು. ಎರಡನೆಯದು ಕಾದಂಬರಿಗೆ ಸಂಬಂಧಿಸಿದ್ದು. ನೈಜೀರಿಯದ ಲೇಖಕ ಚಿನುವ ಅಚಿಬೆ 1975ರಲ್ಲಿ ಒಂದು ಉಪನ್ಯಾಸ ಮಾಡಿ, ಜೋಸೆಫ್ ಕಾನ್ರಾಡನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಕೃತಿಯಲ್ಲಿ ಆಫ್ರಿಕ ಬರಿಯ ಹಿನ್ನೆಲೆಯ ಪರದೆಯಾಗಿದೆ, ಅಲ್ಲಿಯ ಜನಕ್ಕೆ ಮಾತೇ ಇಲ್ಲವೆಂದು ಆಕ್ಷೇಪಿಸಿದನು. ಮುಖಕ್ಕೆ ಬಣ್ಣ ಬಳಿಯುವುದು, ಬಾಯಿಂದ ಮಾತು ಕಸಿಯುವುದು: ಅಚ್ಚುಪಾತ್ರದ ಎರಡು ಮುಖ್ಯ ಉಪಾಯಗಳು ಇವೇ.

ನಮ್ಮಲ್ಲಿ ಮೈಬಣ್ಣದ ಸ್ಥಾನವನ್ನು ಬಹುಮಟ್ಟಿಗೆ ಜಾತಿಯು ವಹಿಸಿಕೊಂಡಿದೆ. ಉಪಾಯಗಳು ಮಾತ್ರ ಬದಲಾಗಿಲ್ಲ. ಚಿತ್ರಗಳಲ್ಲಿ ‘ಕಾಡುಜನ’ರೆಂದರೆ ಮೈಗೆ ಮಸಿ, ತಲೆಗೆ ಗರಿ, ಕೈಗೊಂದು ಭರ್ಜಿ, ಅರ್ಥವಿಲ್ಲದ ಕೂಗು. ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಂದಲೂ ಬಂಡೀಪುರದ ಅಂಚಿನ ಹಾಡಿಗಳಿಂದಲೂ ಬಂದ ಸಹಪಾಠಿಗಳೊಡನೆ ಒಂದೇ ಬೆಂಚಿನಲ್ಲಿ ಕುಳಿತ ನಮಗೆ ಈ ವೇಷವು ನಗೆ ತರಿಸಬೇಕಾದದ್ದಲ್ಲ, ನಾಚಿಕೆ ತರಿಸಬೇಕಾದದ್ದು. ಸೋಲಿಗರು ಬೇಸಗೆಯ ಮೊದಲಲ್ಲಿ ತರಗೆಲೆಗೆ ಹದವರಿತು ಇಡುತ್ತಿದ್ದ ಬೆಂಕಿಯನ್ನು ‘ತರಗು ಬೆಂಕಿ’ ಎನ್ನುತ್ತಾರೆ. ಅದನ್ನು ನಿಷೇಧಿಸಿದ ಮೇಲೆ ಕಾಡಿನಲ್ಲಿ ಲಂಟಾನ ಹಬ್ಬಿತೆಂದು ಅವರು ಹೇಳುತ್ತ ಬಂದದ್ದನ್ನು ಈಗ ಸಂಶೋಧಕರೂ ಲಕ್ಷ್ಯಕ್ಕೆ ತೆಗೆದುಕೊಂಡಿದ್ದಾರೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯದ ಅರಣ್ಯ ಹಕ್ಕನ್ನು ಅವರು ಕಾನೂನಿನ ಮಾರ್ಗದಿಂದ ಪಡೆದರು. ಹೀಗೆ ಅರ್ಜಿ ಬರೆದು, ನಕಾಶೆ ಹಿಡಿದು ವಾದಿಸುವ ಸೋಲಿಗನನ್ನು ನಾನು ಇದುವರೆಗೆ ತೆರೆಯ ಮೇಲೆ ಕಂಡಿಲ್ಲ.

ಇನ್ನು ಮಾತಿನ ವಿಷಯ. ‘ಏನ್ಲಾ’, ‘ಕನಾ’, ‘ಬುಡು’ ಎಂಬ ನಮ್ಮ ಸೀಮೆಯ ನುಡಿಯನ್ನು ಚಿತ್ರಗಳಲ್ಲಿ ಆಡುವವನು ಬಹುವಾಗಿ ಆಳು, ಪೆದ್ದ ಅಥವಾ ಕುಡುಕ. ನಾಯಕನು ಹಳ್ಳಿಯಲ್ಲೇ ಹುಟ್ಟಿ ಬೆಳೆದಿದ್ದರೂ ಪುಸ್ತಕದ ಕನ್ನಡವನ್ನಾಡುತ್ತಾನೆ! ಇದರ ಫಲವನ್ನು ನಾವು ಬಲ್ಲೆವು. ಗುಂಡ್ಲುಪೇಟೆಯ ಬಸ್ಸಿನಲ್ಲಿ ಗಟ್ಟಿಯಾಗಿ ಮಾತನಾಡುವ ನಮ್ಮ ಹುಡುಗರು ಮೈಸೂರಿನಲ್ಲಿ ಇಳಿಯುತ್ತಲೇ ದನಿ ತಗ್ಗಿಸುತ್ತಾರೆ. ನಾನೂ ತಗ್ಗಿಸಿದ್ದೇನೆ.

ಅಚ್ಚುಪಾತ್ರವೆಂದರೆ ಯಾವಾಗಲೂ ನಿಂದೆಯೇ ಎಂದು ತಿಳಿಯಬಾರದು. ಹೊಗಳಿಕೆಯ ಅಚ್ಚೂ ಉಂಟು. 1954ರ ‘ಬೇಡರ ಕಣ್ಣಪ್ಪ’ ನಮ್ಮ ನೆರೆಯ ಗಾಜನೂರಿನ ರಾಜಕುಮಾರರು ನಾಯಕರಾದ ಮೊದಲ ಚಿತ್ರ. ಬೇಡನ ಭಕ್ತಿ ಪೂಜಾರಿಯ ಮಡಿಗಿಂತ ಮಿಗಿಲೆಂದು ಸಾರಿದ ಆ ಚಿತ್ರವನ್ನು ನಾನು ಗೌರವಿಸುತ್ತೇನೆ. ಆದರೂ ಕಥಾನಾಯಕನು ದೇವಲೋಕದಿಂದ ಇಳಿದು ಬೇಡರಲ್ಲಿ ಹುಟ್ಟಿದವನೆಂದು ಅಲ್ಲಿ ಹೇಳಬೇಕಾಯಿತು. ಬೇಡನು ಬೇಡನಾಗಿಯೇ ದೊಡ್ಡವನಾಗಲಾರನೆ?

ಮರುಕದ ಚಿತ್ರ ಮತ್ತೊಂದು ಬಗೆಯದು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾಯಿತು, 1975ರಲ್ಲಿ ಬಿ. ವಿ. ಕಾರಂತರು ಅದನ್ನು ಚಿತ್ರವಾಗಿಸಿದರು. ಚೋಮನಾಗಿ ಅಭಿನಯಿಸಿದ ಎಂ. ವಿ. ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಒಂದು ತುಂಡು ಭೂಮಿಯನ್ನು ಉಳಬೇಕೆಂಬ ಚೋಮನ ಆಸೆ ಈಡೇರುವುದಿಲ್ಲ. ಅವನ ಮಗ ನೀರಿನಲ್ಲಿ ಮುಳುಗುವಾಗ, ಮೈಲಿಗೆಯ ಭಯದಿಂದ ಯಾರೂ ಕೈನೀಡುವುದಿಲ್ಲ. ಇದು ಹಳೆಯ ಕಥೆಯೆಂದು ಕೆಲವರು ಹೇಳಬಹುದು. 2022ರ ನವೆಂಬರಿನಲ್ಲಿ ನಮ್ಮ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ದಲಿತ ಮಹಿಳೆಯೊಬ್ಬರು ನೀರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಹೊರಬಿಟ್ಟು ಗೋಮೂತ್ರದಿಂದ ತೊಳೆದ ವರ್ತಮಾನ ದೇಶಕ್ಕೆಲ್ಲ ತಿಳಿಯಿತು. ಆದುದರಿಂದ ಕಾರಂತರ ಕೃತಿ ಹಳತಾಗಿಲ್ಲ. ಆದರೆ ಅಲ್ಲಿ ಚೋಮನ ದುಃಖವನ್ನು ನೋಡುವ ಕಣ್ಣು ಹೊರಗಿನವರದು. ಓದುಗನು ಕಣ್ಣೀರಿಟ್ಟು ಪುಸ್ತಕ ಮುಚ್ಚಿದರೆ, ಚೋಮನೆಂದರೆ ಸೋಲುವವನು ಎಂಬ ಅಚ್ಚೊಂದು ಮನಸ್ಸಿನಲ್ಲಿ ಉಳಿಯುವ ಅಪಾಯವಿದೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಈ ಅಚ್ಚನ್ನು ಸಡಿಲಿಸಿತು. ಅಲ್ಲಿ ನಾಯಿಗುತ್ತಿಗೂ ತಿಮ್ಮಿಗೂ ಪ್ರೇಮವಿದೆ, ಸಾಹಸವಿದೆ, ಚೇಷ್ಟೆಯಿದೆ. ದೇವನೂರ ಮಹಾದೇವರು ಅದನ್ನು ಒಡೆದೇ ಬಿಟ್ಟರು. ಅವರು ನಮ್ಮ ನೆರೆಯ ನಂಜನಗೂಡು ತಾಲ್ಲೂಕಿನವರು. ‘ಒಡಲಾಳ’ದ ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಬಯ್ಯುತ್ತಾಳೆ; ಬಡತನದ ನಡುವೆಯೇ ಆ ಮನೆಯವರು ಒಂದು ರಾತ್ರಿ ಕಡಲೆಕಾಯಿಯನ್ನು ಸುಲಿದು ಹಬ್ಬದಂತೆ ತಿನ್ನುತ್ತಾರೆ. ಅವರು ನಮ್ಮಿಂದ ಮರುಕವನ್ನು ಬೇಡುವುದಿಲ್ಲ. 1984ರ ‘ಕುಸುಮಬಾಲೆ’ಯಂತೂ ನಗೆಯ ಸರಕಾಗಿದ್ದ ನಮ್ಮ ಆಡುನುಡಿಯಲ್ಲೇ ಕಥೆ ಹೇಳಿ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಗೌರವವನ್ನು ಪಡೆಯಿತು.

ಇದಕ್ಕೆ ಮೂಲ ನಮ್ಮ ನೆಲದಲ್ಲೇ ಇದೆಯೆಂಬುದು ನನ್ನ ಅಭಿಪ್ರಾಯ. ಕಂಸಾಳೆಯವರು ಹಾಡುವ ಮಾದಪ್ಪನ ಕಾವ್ಯದಲ್ಲಿ ಸೋಲಿಗರ ಸಂಕಮ್ಮ ಗಂಡನ ಸಂಶಯಕ್ಕೆ ತಲೆಬಾಗದ ಹೆಂಗಸು. ನೀಲಗಾರರು ಹಾಡುವ ಮಂಟೇಸ್ವಾಮಿ ಅಸಹ್ಯ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬಂದು, ಒಳಗಿರುವವರ ಸಮಾನತೆಯ ಮಾತನ್ನೇ ಒರೆಗೆ ಹಚ್ಚುತ್ತಾನೆ. ಕುಸುಮಾಲೆಯನ್ನು ವರಿಸಿದ ಬಿಳಿಗಿರಿರಂಗನು ಸೋಲಿಗರಿಗೆ ಭಾವ. ಅಕ್ಷರ ಕಲಿಯದವರು ಕಟ್ಟಿದ ಈ ಕಾವ್ಯಗಳಲ್ಲಿರುವ ಮನುಷ್ಯರು, ಕೋಟಿಗಟ್ಟಲೆ ವೆಚ್ಚದ ಚಿತ್ರಗಳಲ್ಲಿ ಅನೇಕ ವೇಳೆ ಕಾಣೆಯಾಗುತ್ತಾರೆ.

ವಿದ್ಯಾರ್ಥಿಗಳಾದ ನಾವು ಒಂದು ಚಿತ್ರವನ್ನು ನೋಡುವಾಗ, ಒಂದು ಕಾದಂಬರಿಯನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಈ ಪಾತ್ರಕ್ಕೆ ತನ್ನದೇ ಆದ ಮಾತು ಇದೆಯೆ? ಅದರ ಜಾತಿಯನ್ನು ಮರೆಮಾಡಿದರೂ ಅದೊಂದು ವ್ಯಕ್ತಿಯಾಗಿ ನಿಲ್ಲುತ್ತದೆಯೆ? ಆ ಜನರೇ ನಮ್ಮ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರೆ ನಾವು ಹೀಗೆಯೇ ನಗುತ್ತಿದ್ದೆವೆ? ಮೂರನೆಯದಕ್ಕೆ ನಮ್ಮ ಕಾಲೇಜಿನಲ್ಲಿ ಊಹೆ ಬೇಕಾಗಿಲ್ಲ. ಅವರು ಪಕ್ಕದಲ್ಲೇ ಕುಳಿತಿದ್ದಾರೆ. ಮುಂದಿನ ವರ್ಷದ ಸಂಚಿಕೆಗೆ ಅವರಲ್ಲೊಬ್ಬರು ತಮ್ಮ ಪೋಡಿನ ಕಥೆಯನ್ನು ತಮ್ಮ ಮಾತಿನಲ್ಲೇ ಬರೆದುಕೊಟ್ಟರೆ, ಅದು ಈ ಲೇಖನಕ್ಕಿಂತ ಬೆಲೆಯುಳ್ಳದ್ದಾಗುವುದರಲ್ಲಿ ಸಂದೇಹವಿಲ್ಲ.