ಹೊರಡಬೇಕಾದ ವಿಮಾನ ನಿಲ್ಲುವುದೇಕೆ?

ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಬಸ್ಸಿನ ಎಂಜಿನು ನಡುದಾರಿಯಲ್ಲಿ ಕೆಟ್ಟರೆ ಚಾಲಕನು ಅದನ್ನು ಕಬ್ಬಿನ ಗದ್ದೆಯ ಬದಿಗೆ ನಿಲ್ಲಿಸುವನು. ನಾವು ಇಳಿದು ಮುಂದಿನ ಬಸ್ಸನ್ನು ಕಾಯುವೆವು. ಆಕಾಶದಲ್ಲಿ ಹೀಗೆ ನಿಲ್ಲಲು ರಸ್ತೆಯ ಬದಿಯೆಂಬುದಿಲ್ಲ. ಆದುದರಿಂದಲೇ ವಿಮಾನವು ತನ್ನ ತಡವನ್ನೆಲ್ಲ ನೆಲದ ಮೇಲೆಯೇ ತೀರಿಸಿಕೊಳ್ಳಬೇಕಾಗುವುದು.

ಉತ್ತರ ಐರ್ಲೆಂಡಿನ ನಾರ್ಮನ್ ಸರ್‌ಪ್ಲಸ್ ಅವರಿಗೆ 2003ರಲ್ಲಿ ಕರುಳಿನ ಕ್ಯಾನ್ಸರ್ ಇರುವುದು ತಿಳಿದುಬಂದಿತು. ಗುಣಹೊಂದಿದ ಬಳಿಕ ಅವರು, ಆ ರೋಗದ ವಿಷಯದಲ್ಲಿ ಜನರನ್ನು ಎಚ್ಚರಿಸಿ ಧನಸಂಗ್ರಹ ಮಾಡುವ ಉದ್ದೇಶದಿಂದ, 2010ರ ಮಾರ್ಚ್ ತಿಂಗಳಲ್ಲಿ ಗೈರೊಕಾಪ್ಟರಿನಲ್ಲಿ ಭೂಪ್ರದಕ್ಷಿಣೆಗೆ ಹೊರಟರು. ಥಾಯ್ಲೆಂಡಿನಲ್ಲಿ ಆ ಯಂತ್ರವು ಕೆರೆಗೆ ಬಿದ್ದು ದುರಸ್ತಿಗಾಗಿ ನಿಲ್ಲಬೇಕಾಯಿತು. ಜಪಾನನ್ನು ತಲುಪಿದ ಮೇಲೆ ರಷ್ಯಾದ ಅನುಮತಿ ದೊರೆಯಲಿಲ್ಲ. ಪ್ರದಕ್ಷಿಣೆಯು ಪೂರ್ಣವಾದುದು 2019ರ ಜೂನ್‌ನಲ್ಲಿ.

ಗೈರೊಕಾಪ್ಟರಿನ ಮೇಲಿನ ರೆಕ್ಕೆಗಳು ಗಾಳಿಯ ಬಲದಿಂದಲೇ ತಿರುಗುತ್ತವೆ. ಎಂಜಿನಿನ ಕೆಲಸ ಯಂತ್ರವನ್ನು ಮುಂದಕ್ಕೆ ನೂಕುವುದಷ್ಟೆ. ಎಂಜಿನು ನಿಂತರೂ ಅದು ಮೆಲ್ಲನೆ ಇಳಿಯಬಲ್ಲದು. ಆದರೆ ಇಳಿಯುವಲ್ಲಿ ನೆಲವಿರಬೇಕಲ್ಲವೆ?

ಇಂತಹ ಪ್ರಯಾಣದ ದಿನ ಮೊದಲೇ ಗೊತ್ತಾಗಿರುತ್ತದೆ. ದಾನ ಕೊಟ್ಟವರು ಕಾದಿರುತ್ತಾರೆ. ಆಗ ಯಂತ್ರಜ್ಞನು “ಇಂದು ಬೇಡ” ಎಂದರೆ ಎಲ್ಲರಿಗೂ ಬೇಸರವೇ. ಅವನ ಮಾತಿನ ಹಿಂದಿರುವ ತರ್ಕವನ್ನು ಒಂದು ಉದಾಹರಣೆಯಿಂದ ನೋಡೋಣ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ರೂಪುಗೊಂಡು 1993ರಲ್ಲಿ ಮೊದಲು ಹಾರಿದ ‘ಹಂಸ’ದಂತಹ ಚಿಕ್ಕ ವಿಮಾನಗಳ ಪಿಸ್ಟನ್ ಎಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್ಗುಗಳಿರುತ್ತವೆ. ಅವುಗಳಿಗೆ ಕಿಡಿಯನ್ನು ಒದಗಿಸುವ ವ್ಯವಸ್ಥೆಗಳೂ ಎರಡು. ಒಂದೊಂದು ವ್ಯವಸ್ಥೆಯೂ ಸಾವಿರ ಹಾರಾಟಗಳಲ್ಲಿ ಒಮ್ಮೆ ಕೆಡುವುದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ಸಂಬಂಧವಿಲ್ಲದಿದ್ದರೆ, ಎರಡೂ ಒಂದೇ ಹಾರಾಟದಲ್ಲಿ ಕೆಡುವ ಸಂಭವ 1/1000 × 1/1000, ಅಂದರೆ ಹತ್ತು ಲಕ್ಷದಲ್ಲಿ ಒಂದು.

ಆದರೆ ಹೊರಡುವ ಮೊದಲೇ ಒಂದು ಕೆಟ್ಟಿದ್ದರೆ? ಉಳಿದ ಒಂದರಿಂದಲೇ ಎಂಜಿನು ಓಡುತ್ತಿರುವುದು. ಕೇಡು ಮರೆಯಲ್ಲೇ ಉಳಿಯುವುದು. ಅಪಾಯವು ಮಾತ್ರ ಸಾವಿರದಲ್ಲಿ ಒಂದಕ್ಕೆ, ಎಂದರೆ ಸಾವಿರ ಪಟ್ಟು ಏರಿರುವುದು! ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸದಿದ್ದರೆ ಜೋಡಿಯಿಂದ ದೊರೆಯಬೇಕಾದ ರಕ್ಷಣೆಯು ದೊರೆಯದು.

ಆದುದರಿಂದ ಚಾಲಕನು ನೆಲದ ಮೇಲೆ ಎಂಜಿನನ್ನು ಓಡಿಸಿ, ಒಂದು ವ್ಯವಸ್ಥೆಯನ್ನು ನಿಲ್ಲಿಸಿ ನೋಡುವನು, ಅನಂತರ ಇನ್ನೊಂದನ್ನು. ಎರಡು ಕಡೆಗಳಿಂದ ಹೊತ್ತಿದ ಜ್ವಾಲೆಯು ಸಿಲಿಂಡರಿನ ಅನಿಲವನ್ನು ಬೇಗನೆ ಸುಡುವುದು. ಒಂದೇ ಕಡೆಯಿಂದ ಹೊತ್ತಿದರೆ ಅದು ಹೆಚ್ಚು ದೂರ ಸಾಗಬೇಕು. ಹಾಗಾಗಿ ಎಂಜಿನಿನ ವೇಗ ಸ್ವಲ್ಪ ತಗ್ಗುವುದು ಸಹಜ. ಗೊತ್ತಾದ ಮಿತಿಗಿಂತ ಹೆಚ್ಚು ತಗ್ಗಿದರೆ ದೋಷವಿದೆಯೆಂದು ತಿಳಿಯಬೇಕು. ಏನೂ ತಗ್ಗದಿದ್ದರೂ ಸಂಶಯಪಡಬೇಕು: ನಿಲ್ಲಿಸಿದೆವೆಂದುಕೊಂಡ ವ್ಯವಸ್ಥೆಯು ನಿಂತೇ ಇರಲಾರದು.

ನಮ್ಮ ಲೆಕ್ಕದಲ್ಲಿ “ಸಂಬಂಧವಿಲ್ಲದಿದ್ದರೆ” ಎಂಬ ಷರತ್ತಿತ್ತು. ಅದನ್ನು ಮುರಿಯುವ ಕಾರಣಗಳೂ ಉಂಟು. ಪೂರ್ತಿ ತುಂಬದ ಪೆಟ್ರೋಲ್ ತೊಟ್ಟಿಯಲ್ಲಿ, ರಾತ್ರಿಯ ತಂಪಿಗೆ ಗಾಳಿಯ ತೇವವು ಹನಿಗಟ್ಟಬಹುದು. ಪೆಟ್ರೋಲಿನ ಸಾಂದ್ರತೆಯು ನೀರಿನದರ ಸುಮಾರು ಮುಕ್ಕಾಲು ಭಾಗ ಮಾತ್ರ. ಆದುದರಿಂದ ನೀರು ತಳಕ್ಕಿಳಿಯುವುದು. ಆ ನೀರು ಎಂಜಿನನ್ನು ಸೇರಿದರೆ ಎರಡು ಕಿಡಿಗಳೂ ನಿಷ್ಫಲವೇ. ಹೊರಡುವ ಮುನ್ನ ತಳದಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಪಾತ್ರೆಗೆ ಇಳಿಸಿ ನೋಡುವುದು ಇದಕ್ಕಾಗಿಯೇ.

ಈ ಪ್ರಯಾಣಗಳು ನೆರವಾಗಬಯಸುವ ವೈದ್ಯಕೀಯ ಸಂಶೋಧನೆಯೂ ಇದೇ ಬಗೆಯಲ್ಲಿ ನಡೆಯುವುದು. ಹೊಸ ಔಷಧವನ್ನು ಒಂದು ಗುಂಪಿಗೆ ಕೊಟ್ಟು, ಇನ್ನೊಂದಕ್ಕೆ ಕೊಡದೆ, ಉಳಿದುದೆಲ್ಲವನ್ನೂ ಸಮವಾಗಿರಿಸಿ ಹೋಲಿಸುವರು. ಇದಕ್ಕೂ ಕಾಲ ಹಿಡಿಯುವುದು. ರೋಗಿಯ ಆತುರವು ನ್ಯಾಯವಾದುದೇ. ಆದರೆ ಪರೀಕ್ಷಿಸದ ಔಷಧವು ಅವನಿಗೆ ಗುಣವನ್ನು ಮಾಡೀತೋ ಕೇಡನ್ನು ಮಾಡೀತೋ ಹೇಳುವವರಾರು? ವಿಮಾನವು ಒಂದು ಹಗಲು ತಡವಾದರೆ ಹೋಗುವುದು ಒಂದು ಹಗಲು ಮಾತ್ರ.