ಸ್ವೀಡನ್ನಿನಲ್ಲಿ ಕಾರು ಕೊಳ್ಳುವ ಮುನ್ನ: ಚೌಕಾಸಿಯ ಆರು ಪಾಠಗಳು



ಈ ಸಲದ ಯುಗಾದಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹೊಸ ದಂಪತಿ ಒಂದು ಪ್ರಶ್ನೆ ಕೇಳಿದರು. "ಸಾರ್, ಇಲ್ಲಿ ಕಾರ್ ಡೀಲರ್ ಹತ್ರ ಚೌಕಾಸಿ ಮಾಡಬಹುದಾ? ಸ್ವೀಡನ್‌ನಲ್ಲಿ ಎಲ್ಲಾ ಫಿಕ್ಸೆಡ್ ರೇಟ್ ಅಂತಾರಲ್ಲ?" ಬಾಯಲ್ಲಿ ಒಬ್ಬಟ್ಟು ಇದ್ದುದರಿಂದ "ಮಾಡಲೇಬೇಕು" ಎಂದಷ್ಟೇ ಹೇಳಿದೆ. ಪೂರ್ತಿ ಉತ್ತರ ಈ ಲೇಖನದಲ್ಲಿದೆ. ನಾನು ಕಾರಿನ ತಜ್ಞನೂ ಅಲ್ಲ, ವಕೀಲನೂ ಅಲ್ಲ. ಒಮ್ಮೆ ದುಡ್ಡು ಕಳೆದುಕೊಂಡು ಕಲಿತವನು, ಅಷ್ಟೆ.

ಮೊದಲ ಕಾರು, ಮೊದಲ ತಪ್ಪು

ಅದು 2014ರ ಸೆಪ್ಟೆಂಬರ್. ಮಗಳಿಗೆ ಎಂಟು ತಿಂಗಳು. ಚಳಿಗಾಲದಲ್ಲಿ ತಳ್ಳುಗಾಡಿ ಹಿಡಿದು ಬಸ್ ಸ್ಟಾಪಿನಲ್ಲಿ ನಿಲ್ಲುವುದನ್ನು ನೆನೆಸಿಕೊಂಡೇ ಹೆದರಿಕೆಯಾಗಿತ್ತು. ಸ್ಟಾಕ್‌ಹೋಮ್ ಹೊರವಲಯದ ಒಬ್ಬ ಡೀಲರ್ ಹತ್ತಿರ ಹೋದೆವು. ಕಾಫಿ ಕೊಟ್ಟರು, ನಗುನಗುತ್ತಾ ಮಾತಾಡಿದರು. ಬೆಲೆಯ ಚೀಟಿಯಲ್ಲಿ 1,10,000 ಕ್ರೋನರ್ ಎಂದಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ: "ತಿಂಗಳಿಗೆ ಎಷ್ಟು ಬೀಳುತ್ತೆ?" ಅವರು ಕಂಪ್ಯೂಟರ್ ಕುಟ್ಟಿ "1,500" ಎಂದರು. ನಮ್ಮಿಬ್ಬರ ಬಸ್ ಪಾಸಿನಷ್ಟೇ ತಾನೇ ಎಂದು ಖುಷಿಯಿಂದ ಸಹಿ ಹಾಕಿಬಿಟ್ಟೆ!

ಆ ರಾತ್ರಿ ದಾವಣಗೆರೆಗೆ ಫೋನ್ ಮಾಡಿದಾಗ ಅಮ್ಮ ಕೇಳಿದರು: "ಎಷ್ಟಕ್ಕೆ ಹೇಳಿದ, ಎಷ್ಟಕ್ಕೆ ಕೊಟ್ಟ?"

"ಹೇಳಿದಷ್ಟಕ್ಕೇ ಕೊಟ್ಟ, ಅಮ್ಮಾ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, "ಬದನೆಕಾಯಿಗೂ ಚೌಕಾಸಿ ಮಾಡ್ತೀವಲ್ಲೋ..." ಎಂದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಾರಿನ ಜೊತೆ ಚಳಿಗಾಲದ ಟೈರುಗಳು ಇರಲಿಲ್ಲ, ನವೆಂಬರಿನಲ್ಲಿ ಅದಕ್ಕೆ 8,000 ಕೊಟ್ಟೆ. ಜನವರಿಯಲ್ಲಿ ಗೇರ್‌ಬಾಕ್ಸ್ ಕಿರುಗುಟ್ಟತೊಡಗಿತು. ಡೀಲರ್ ಒಪ್ಪಂದದ ಕಾಗದ ತೆಗೆದು ಒಂದು ಸಾಲು ತೋರಿಸಿದರು: "ಇ ಬೆಫಿಂತ್ಲಿಗ್ ಶಿಕ್", ಅಂದರೆ "ಇರುವ ಸ್ಥಿತಿಯಲ್ಲೇ" ಮಾರಿದ್ದು. ನಾನು ನಂಬಿದೆ. ಬೇರೆ ಗ್ಯಾರೇಜಿನಲ್ಲಿ 14,000 ಕೊಟ್ಟು ರಿಪೇರಿ ಮಾಡಿಸಿದೆ. ಕಾನೂನು ನನ್ನ ಕಡೆಗೇ ಇತ್ತು ಎಂದು ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು.

ಪಾಠ 1: ಕಂತನ್ನು ಕೇಳಬೇಡಿ, ಒಟ್ಟು ಬೆಲೆ ಕೇಳಿ

"ತಿಂಗಳಿಗೆ ಎಷ್ಟು?" ಎಂದು ಕೇಳಿದ ಕ್ಷಣವೇ ನಾವು ಸೋತಂತೆ. ಏಕೆಂದರೆ ವರ್ಷಗಳನ್ನು ಹೆಚ್ಚಿಸಿದರೆ ಯಾವ ಬೆಲೆಯ ಕಂತನ್ನಾದರೂ ಚಿಕ್ಕದಾಗಿ ತೋರಿಸಬಹುದು. ನನ್ನ ಲೆಕ್ಕವನ್ನೇ ನೋಡಿ. 1,10,000ರಲ್ಲಿ ಶೇ. 20, ಅಂದರೆ 22,000 ಮುಂಗಡ ಕೊಟ್ಟೆ. ಉಳಿದ 88,000 ಸಾಲ, ಬಡ್ಡಿ ಶೇ. 7.

6 ವರ್ಷಕ್ಕೆ: ತಿಂಗಳಿಗೆ ಸುಮಾರು 1,500. ಒಟ್ಟು ಬಡ್ಡಿ ಸುಮಾರು 20,000.
3 ವರ್ಷಕ್ಕೆ: ತಿಂಗಳಿಗೆ ಸುಮಾರು 2,720. ಒಟ್ಟು ಬಡ್ಡಿ ಸುಮಾರು 9,800.

ಇದರ ಮೇಲೆ ಸಾಲ ಆರಂಭಿಸುವ ಶುಲ್ಕ, ಪ್ರತಿ ತಿಂಗಳ ಬಿಲ್ಲಿನ ಶುಲ್ಕ ಬೇರೆ. ತಿಂಗಳಿಗೆ 45 ಕ್ರೋನರ್ ಎಂದರೂ 72 ತಿಂಗಳಿಗೆ 3,240 ಆಯಿತು! ಇವೆಲ್ಲವನ್ನೂ ಸೇರಿಸಿದ ಬಡ್ಡಿ ದರಕ್ಕೆ ಸ್ವೀಡಿಶ್‌ನಲ್ಲಿ "ಎಫೆಕ್ತೀವ್ ರೆಂತಾ" ಎನ್ನುತ್ತಾರೆ. ಅದನ್ನು ತಿಳಿಸುವುದು ಸಾಲ ಕೊಡುವವರ ಕರ್ತವ್ಯ. ಆ ಅಂಕಿಯನ್ನೇ ಕೇಳಿ, ನಿಮ್ಮ ಬ್ಯಾಂಕಿನ ದರದ ಜೊತೆ ಹೋಲಿಸಿ. ಮೊದಲು ಕಾರಿನ ಬೆಲೆ ತೀರ್ಮಾನವಾಗಲಿ, ಆಮೇಲೆ ಸಾಲದ ಮಾತು.

ಪಾಠ 2: ಅರ್ಧ ಚೌಕಾಸಿ ಮನೆಯಲ್ಲೇ

ಮೊದಲಿಗೆ ಒಂದು ಎಚ್ಚರಿಕೆ. ಇಲ್ಲಿನವರು ದೂರವನ್ನು "ಮೀಲ್" ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮೀಲ್ ಎಂದರೆ ಮೈಲಿಯಲ್ಲ, 10 ಕಿಲೋಮೀಟರ್! ಜಾಹೀರಾತಿನಲ್ಲಿ "12,000 ಮೀಲ್" ಎಂದಿದ್ದರೆ ಕಾರು 1,20,000 ಕಿ.ಮೀ. ಓಡಿದೆ ಎಂದರ್ಥ. "ಇಷ್ಟೇ ಓಡಿದೆಯಾ, ಹೊಸದೇ ಇದ್ದಂಗಿದೆ" ಎಂದು ಖುಷಿಪಟ್ಟವರಲ್ಲಿ ನಾನೂ ಒಬ್ಬ.

ಬ್ಲೋಕೆಟ್‌ನಂಥ ತಾಣಗಳಲ್ಲಿ ಅದೇ ಮಾಡೆಲ್, ಅದೇ ವರ್ಷ, ಹೆಚ್ಚೂಕಡಿಮೆ ಅಷ್ಟೇ ಓಡಿದ ನಾಲ್ಕೈದು ಕಾರುಗಳ ಬೆಲೆ ನೋಡಿ ಪ್ರಿಂಟ್ ತೆಗೆದುಕೊಳ್ಳಿ. ಡೀಲರ್ ಬೆಲೆಯನ್ನು ಡೀಲರ್ ಬೆಲೆಗೇ ಹೋಲಿಸಿ. ಖಾಸಗಿಯವರು ಕಡಿಮೆಗೆ ಮಾರುತ್ತಾರೆ, ಆದರೆ ಅಲ್ಲಿ ಗ್ರಾಹಕ ಕಾನೂನಿನ ರಕ್ಷಣೆ ಇಲ್ಲ, ಕಾರನ್ನು ಪರೀಕ್ಷಿಸಿ ಕೊಳ್ಳುವ ಹೊಣೆ ಬಹುಪಾಲು ನಿಮ್ಮದೇ.

ನಂತರ ಕಾರಿನ ನೋಂದಣಿ ಸಂಖ್ಯೆಯನ್ನು ಟ್ರಾನ್ಸ್‌ಪೋರ್ಟ್‌ಸ್ಟೀರೆಲ್ಸೆನ್ (ಸಾರಿಗೆ ಇಲಾಖೆ) ತಾಣದಲ್ಲಿ ಹಾಕಿ ನೋಡಿ, ಇದು ಉಚಿತ. ಎಷ್ಟು ಮಾಲೀಕರು ಬದಲಾಗಿದ್ದಾರೆ, ವಾರ್ಷಿಕ ತೆರಿಗೆ ಎಷ್ಟು, ಓಡಿಸಲು ನಿಷೇಧವೇನಾದರೂ ಇದೆಯೇ, ಕಡ್ಡಾಯ ತಪಾಸಣೆ ಯಾವಾಗ ಎಲ್ಲಾ ಸಿಗುತ್ತದೆ. ತೆರಿಗೆಯನ್ನು ಮರೆಯದೆ ನೋಡಿ. ನೋಡಲು ಒಂದೇ ತರಹದ ಎರಡು ಕಾರುಗಳಿಗೆ ತೆರಿಗೆಯಲ್ಲಿ ಸಾವಿರಾರು ಕ್ರೋನರ್ ವ್ಯತ್ಯಾಸವಿರಬಹುದು.

ಕಡ್ಡಾಯ ತಪಾಸಣೆಗೆ "ಬೆಸಿಕ್ತ್ನಿಂಗ್" ಎನ್ನುತ್ತಾರೆ. 2018ರ ಮೇ ತಿಂಗಳಿಂದ ಇರುವ ನಿಯಮದಂತೆ ಸಾಮಾನ್ಯ ಕಾರಿಗೆ ಮೊದಲ ತಪಾಸಣೆ 36 ತಿಂಗಳೊಳಗೆ, ಎರಡನೆಯದು ಅದಾದ 24 ತಿಂಗಳೊಳಗೆ, ಆಮೇಲೆ ಪ್ರತಿ 14 ತಿಂಗಳಿಗೊಮ್ಮೆ. ತಪಾಸಣೆ ಹತ್ತಿರದಲ್ಲಿದ್ದರೆ "ಮಾಡಿಸಿ ಕೊಡಿ" ಎಂದು ಕೇಳಲು ನಿಮಗೊಂದು ಕಾರಣ ಸಿಕ್ಕಿತು.

ಪಾಠ 3: ಕಾರಣ ಹೇಳಿ, ಆಮೇಲೆ ಸುಮ್ಮನಿರಿ

ಚೌಕಾಸಿಗೆ ಸ್ವೀಡಿಶ್ ಪದ "ಪ್ರೂತಾ". ಪದ ಇದೆ ಎಂದ ಮೇಲೆ ಕೆಲಸವೂ ಇದೆ! ಆದರೆ ರೀತಿ ಬೇರೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೇಳಿದ್ದರ ಅರ್ಧಕ್ಕೆ ಕೇಳುತ್ತೇವೆ, ಅವನು ತಲೆ ಚಚ್ಚಿಕೊಳ್ಳುತ್ತಾನೆ, ನಾವು ಎದ್ದು ಹೊರಡುತ್ತೇವೆ, ಅವನು ಕೂಗಿ ಕರೆಯುತ್ತಾನೆ. ಇಲ್ಲಿ ಅರ್ಧಕ್ಕೆ ಕೇಳಿದರೆ ಮಾತು ಅಲ್ಲಿಗೇ ಮುಗಿಯಿತು. ಇಲ್ಲಿ ಕಾರಣವಿಲ್ಲದೆ ಬೆಲೆ ಇಳಿಯುವುದು ಕಷ್ಟ. "ಮುಂದಿನ ಟೈರುಗಳು ಸವೆದಿವೆ, ಸರ್ವಿಸ್ ಬಾಕಿ ಇದೆ, ಇದೇ ಕಾರು ಇನ್ನೊಂದು ಕಡೆ ಇಷ್ಟಕ್ಕಿದೆ" ಎಂದು ಶಾಂತವಾಗಿ ಹೇಳಿ. ಆಮೇಲೆ "ವಾ ಎ ದಿತ್ ಬೆಸ್ತಾ ಪ್ರೀಸ್?" (ನಿಮ್ಮ ಅತ್ಯುತ್ತಮ ಬೆಲೆ ಎಷ್ಟು?) ಎಂದು ಕೇಳಿ.

ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ನಮಗೆ ಕಷ್ಟವಾಗುವುದು ಇದೇ. ಇಲ್ಲಿನವರಿಗೆ ಮೌನದ ಅಭ್ಯಾಸವಿದೆ, ನಮಗಿಲ್ಲ. ಎದುರಿನವರು ಯೋಚಿಸುತ್ತಿರುವಾಗಲೇ "ಆಗಲ್ಲಾಂದ್ರೂ ಪರವಾಗಿಲ್ಲ ಬಿಡಿ" ಎಂದು ನಾವೇ ಬಿಟ್ಟುಕೊಟ್ಟಿರುತ್ತೇವೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ಡೀಲರ್ ಮೇಜಿನ ಮುಂದೆ ಅಕ್ಷರಶಃ ನಿಜ.

ಪಾಠ 4: ದುಡ್ಡು ಇಳಿಯದಿದ್ದರೆ ವಸ್ತು ಕೇಳಿ

ಕೆಲವು ಡೀಲರ್‌ಗಳು ಬೆಲೆ ಇಳಿಸುವುದೇ ಇಲ್ಲ. ಅಂಥ ಕಡೆ ಚಳಿಗಾಲದ ಚಕ್ರಗಳು, ಹೊಸ ಸರ್ವಿಸ್, ತಪಾಸಣೆ, ಎಂಜಿನ್ ಹೀಟರ್ ಇವುಗಳಲ್ಲಿ ಒಂದೆರಡು ಕೇಳಿ. ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರು ಕಡ್ಡಾಯ, ಅದರ ಪಟ್ಟಿಯ ಆಳ ಕನಿಷ್ಠ 3 ಮಿ.ಮೀ. ಇರಬೇಕು. "ಚಕ್ರ ಕೊಡ್ತೀವಿ" ಎಂದರೆ ಸಾಲದು, ಆಳ ಅಳೆದು ನೋಡಿ. ಮೊಳೆ ಇರುವ ಟೈರಾದರೆ ಇನ್ನೊಂದು ಮಾತು: ಸ್ಟಾಕ್‌ಹೋಮಿನ ಹೂರ್ನ್ಸ್‌ಗಾತನ್ ರಸ್ತೆಯಲ್ಲಿ 2010ರಿಂದ ಅದಕ್ಕೆ ಪ್ರವೇಶವಿಲ್ಲ. ಕೊಡುತ್ತೇವೆಂದದ್ದೆಲ್ಲ ಒಪ್ಪಂದದ ಕಾಗದದಲ್ಲಿ ಬರಲಿ. ಬಾಯಿಮಾತು ಬಾಗಿಲು ದಾಟುವುದಿಲ್ಲ.

ಪಾಠ 5: ಹಳೇ ಕಾರಿನ ಮಾತು ಕೊನೆಗೆ

ಹಳೇ ಕಾರು ಕೊಟ್ಟು ಇನ್ನೊಂದು ಕೊಳ್ಳುವುದಾದರೆ ಎರಡೂ ಬೆಲೆಗಳನ್ನು ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಸೇರಿಸಿದರೆ ಇಲ್ಲಿ ಕೊಟ್ಟದ್ದನ್ನು ಅಲ್ಲಿ ಕಿತ್ತುಕೊಳ್ಳುವುದು ಸುಲಭ. ಅದೇ ರೀತಿ "ಬಡ್ಡಿ ಕಡಿಮೆ" ಎನ್ನುವ ಕೊಡುಗೆ ಬಂದಾಗ "ಪೂರ್ತಿ ಹಣ ಈಗಲೇ ಕೊಟ್ಟರೆ ಬೆಲೆ ಎಷ್ಟು?" ಎಂದು ಕೇಳಿ ನೋಡಿ.

ಪಾಠ 6: ಕಾನೂನು ಗೊತ್ತಿರಲಿ

ನನ್ನ 14,000 ಕ್ರೋನರ್ ಪಾಠ ಇದು. ಡೀಲರ್‌ನಿಂದ ಕೊಂಡರೆ ಗ್ರಾಹಕ ಖರೀದಿ ಕಾಯ್ದೆ (ಕೊನ್ಸುಮೆಂತ್‌ಶೋಪ್‌ಲಾಗೆನ್) ಅನ್ವಯಿಸುತ್ತದೆ. ಕೊಂಡಾಗಲೇ ಇದ್ದ ದೋಷಕ್ಕೆ 3 ವರ್ಷದವರೆಗೆ ದೂರು ಕೊಡಬಹುದು. ನನ್ನ ಕಾಲದ ಹಳೇ ಕಾಯ್ದೆಯಲ್ಲಿ ಮೊದಲ 6 ತಿಂಗಳಲ್ಲಿ ಕಾಣಿಸಿಕೊಂಡ ದೋಷ ಮೊದಲೇ ಇತ್ತೆಂದು ಭಾವಿಸಲಾಗುತ್ತಿತ್ತು. 2022ರ ಜನವರಿ 1ರಿಂದ ಬಂದ ಹೊಸ ಕಾಯ್ದೆಯಲ್ಲಿ ಈ ಅವಧಿ 2 ವರ್ಷ. ದೋಷ ಮೊದಲು ಇರಲಿಲ್ಲ ಎಂದು ಈ ಅವಧಿಯಲ್ಲಿ ತೋರಿಸಬೇಕಾದವರು ಡೀಲರ್. ಹಾಗೆಂದು ಬ್ರೇಕ್, ಟೈರು ಸವೆದದ್ದಕ್ಕೆಲ್ಲ ದೂರುವಂತಿಲ್ಲ. ಹಳೇ ಕಾರಿನ ವಯಸ್ಸಿಗೆ ತಕ್ಕ ಸವೆತ ದೋಷವಲ್ಲ. ಆದರೆ "ಇರುವ ಸ್ಥಿತಿಯಲ್ಲೇ" ಎಂಬ ಒಂದು ಸಾಲು ಬರೆದ ಮಾತ್ರಕ್ಕೆ ಡೀಲರ್ ತನ್ನ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು.

ನನ್ನ ತಪ್ಪು ಎರಡು. ಒಂದು, ಬರವಣಿಗೆಯಲ್ಲಿ ದೂರು ಕೊಡದೇ ಇದ್ದದ್ದು. ಎರಡು, ಡೀಲರ್‌ಗೆ ಸರಿಪಡಿಸುವ ಅವಕಾಶ ಕೊಡದೆ ಬೇರೆ ಕಡೆ ರಿಪೇರಿ ಮಾಡಿಸಿದ್ದು. ದೋಷ ಕಂಡ ಕೂಡಲೇ ಇ-ಮೇಲ್ ಕಳಿಸಿ, ಎರಡು ತಿಂಗಳೊಳಗೆ ಕಳಿಸಿದರೆ ತಡವಾಯಿತು ಎನ್ನುವಂತಿಲ್ಲ. ಒಪ್ಪದಿದ್ದರೆ ಗ್ರಾಹಕ ಇಲಾಖೆಯ ಸಲಹಾ ಸೇವೆ ಇದೆ, ಹಲವು ಕೊಮ್ಮೂನ್‌ಗಳಲ್ಲಿ ಗ್ರಾಹಕ ಸಲಹೆಗಾರರೂ ಇದ್ದಾರೆ. ಕೊನೆಗೆ ಎ.ಆರ್.ಎನ್. ಎಂಬ ರಾಷ್ಟ್ರೀಯ ದೂರು ಮಂಡಳಿಗೆ ಬರೆಯಬಹುದು. ವಕೀಲರು ಬೇಡ, ಎಲ್ಲಾ ಕಾಗದದ ಮೇಲೆ. ಅದರ ತೀರ್ಮಾನ ಶಿಫಾರಸು ಮಾತ್ರ, ಆದರೂ ತೂಕವಿದೆ.

ಇನ್ನೊಂದು ವಿಷಯ. ಅಂಗಡಿಗೆ ಹೋಗಿ ಸಹಿ ಹಾಕಿದ ಮೇಲೆ "ಮನಸ್ಸು ಬದಲಾಯಿತು" ಎನ್ನುವ ಹಕ್ಕು ಇಲ್ಲ. ಪೂರ್ತಿ ಆನ್‌ಲೈನ್ ಅಥವಾ ಫೋನಿನಲ್ಲಿ ಡೀಲರ್‌ನಿಂದ ಕೊಂಡರೆ ಮಾತ್ರ 14 ದಿನದ ಅವಕಾಶವಿದೆ. ಆದ್ದರಿಂದ ಮೊದಲ ಭೇಟಿಯಲ್ಲಿ ಪೆನ್ನು ಜೇಬಿನಲ್ಲೇ ಇರಲಿ.

ಎರಡನೇ ಕಾರು

2023ರಲ್ಲಿ ಎರಡನೇ ಕಾರು ಕೊಂಡೆವು. ಚೀಟಿಯ ಬೆಲೆ 1,49,900. ನಮ್ಮ ಹತ್ತಿರ ಇದೇ ರೀತಿಯ ಮೂರು ಕಾರುಗಳ ಜಾಹೀರಾತು ಇತ್ತು, 1,42,000ದಿಂದ 1,46,000ದವರೆಗೆ. ಸರ್ವಿಸ್ ಬಾಕಿ ಇತ್ತು. ಕಾರಣ ಹೇಳಿದೆ, ಬೆಲೆ ಕೇಳಿದೆ, ಸುಮ್ಮನಾದೆ. ಅವರು 3,000 ಇಳಿಸಿದರು. ಮತ್ತೆ ಸುಮ್ಮನಾದೆ. ಅಷ್ಟರಲ್ಲಿ ನನ್ನ ಹೆಂಡತಿ "ರೀ, ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋ ಹೊತ್ತಾಯ್ತು" ಎಂದು ಎದ್ದಳು. ಅದು ನಾಟಕವಲ್ಲ, ನಿಜವಾಗಿಯೂ ಹೊತ್ತಾಗಿತ್ತು! ಫೋನ್ ನಂಬರ್ ಕೊಟ್ಟು, ಥ್ಯಾಂಕ್ಸ್ ಹೇಳಿ ಹೊರಟೆವು. ಎರಡು ದಿನದ ಮೇಲೆ ಅವರೇ ಫೋನ್ ಮಾಡಿದರು: 1,44,000, ಸರ್ವಿಸ್ ಮಾಡಿಸಿ, ಚಳಿಗಾಲದ ಚಕ್ರಗಳ ಸಮೇತ. ಡೀಲರ್‌ಗೂ ಲಾಭವಾಯಿತು, ನಮಗೂ ಸಮಾಧಾನವಾಯಿತು. ಅದಕ್ಕೇ ನ್ಯಾಯವಾದ ಬೆಲೆ ಎನ್ನುವುದು.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅದೇ ಪ್ರಶ್ನೆ: "ಎಷ್ಟಕ್ಕೆ ಹೇಳಿದ, ಎಷ್ಟಕ್ಕೆ ಕೊಟ್ಟ?" ಈ ಸಲ ಹೇಳಲು ಉತ್ತರವಿತ್ತು. "ಇನ್ನೊಂದೆರಡು ಸಾವಿರ ಇಳಿಸಬಹುದಿತ್ತು" ಎಂದರು!

ಹೊಸದಾಗಿ ಬಂದವರಿಗೆ ಕೊನೆಯ ಮಾತು: ನಮ್ಮೂರಿನ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ನಿವಾಸಿಯಾಗಿ ನೋಂದಣಿಯಾದ ಒಂದು ವರ್ಷದವರೆಗೆ ಮಾತ್ರ ನಡೆಯುತ್ತದೆ. ಕಾರು ನಿಮ್ಮ ಹೆಸರಿಗೆ ಬಂದ ದಿನದಿಂದಲೇ ಟ್ರಾಫಿಕ್ ವಿಮೆ ಇರಲೇಬೇಕು. ಕಾರು ನೋಡಲು ಜೊತೆಗೆ ಯಾರಾದರೂ ಬೇಕಿದ್ದರೆ ಕೂಟದ ಹಳಬರನ್ನು ಕೇಳಿ, ಸಂಕೋಚ ಬೇಡ. ಒಂದು ಲೋಟ ಫಿಲ್ಟರ್ ಕಾಫಿ ಸಿಕ್ಕರೆ ಯಾರೂ ಬರಲ್ಲ ಎನ್ನುವುದಿಲ್ಲ.

ನಿಮ್ಮ ಅನುಭವಗಳನ್ನೂ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಂಚಿಕೊಳ್ಳೋಣ.

ಪ್ರೀತಿಯಿಂದ,
ಕೂಟದ ಒಬ್ಬ ಸದಸ್ಯ